ಧೂಮನೇತ್ರವೂ ಮುಖಕವಚವೂ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇರುಳಾದರೂ ಬಸ್ಸುಗಳ ಸದ್ದು ಅಡಗದು. ಅಲ್ಲಿಯ ಮನೆಯೊಂದರ ಪಡಸಾಲೆಯಲ್ಲಿ ವೃದ್ಧರೊಬ್ಬರು ಮೂಗು ಬಾಯಿಗಳನ್ನು ಮುಚ್ಚುವ ಮುಖಕವಚವನ್ನು ಧರಿಸಿ ಒರಗಿದ್ದರು. ಬೈಪ್ಯಾಪ್ ಯಂತ್ರವು, ಗಂಟಲಿಗೆ ನಳಿಕೆಯಿಳಿಸದೆಯೇ, ಎಳೆಯುವ ಉಸಿರಿಗೆ ಹೆಚ್ಚು ಒತ್ತಡವನ್ನೂ ಬಿಡುವ ಉಸಿರಿಗೆ ಕಡಿಮೆ ಒತ್ತಡವನ್ನೂ ಕೊಟ್ಟು ದಣಿದ ಎದೆಗೆ ಆಸರೆಯಾಗಿದ್ದಿತು. ಆದರೆ ಸಾಲ್ಬುಟಮಾಲ್ ಔಷಧದ ಹೊತ್ತಾಯಿತೆಂದರೆ ಸೊಸೆಗೆ ಧರ್ಮಸಂಕಟ. ಕವಚವನ್ನು ಕಳಚಿದರೆ ಮಾವನವರ ಉಸಿರು ಸೋಲುವುದು. ಕಳಚದಿದ್ದರೆ ಔಷಧವು ಒಳಸೇರುವ ಬಗೆಯೆಂತು?

ಉಸಿರಿನ ದಾರಿಯಲ್ಲಿ ಔಷಧವನ್ನು ಕಳುಹುವುದು ಹಳೆಯ ಯೋಚನೆಯೇ. ಚರಕಸಂಹಿತೆಯು ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರವೆಂದು ಐದಾಗಿ ವಿಂಗಡಿಸಿ, ಧೂಮನೇತ್ರವೆಂಬ ನಳಿಗೆಯಿಂದ ಔಷಧಿಗಳ ಹೊಗೆಯನ್ನು ಸೇದುವ ಕ್ರಮವನ್ನೂ ಹೇಳಿದೆ. ಆ ಧೂಮಪಾನ ಬೇರೆ, ಬೀಡಿಯದು ಬೇರೆ. ಈ ಭೇದವನ್ನು ವೃದ್ಧರು ನಲವತ್ತು ವರ್ಷ ಎಣಿಸಿದವರಲ್ಲ!

ಈಗಿನದು ಹೊಗೆಯಲ್ಲ, ಮಂಜು. ನೆಬ್ಯುಲೈಜರು ದ್ರವವನ್ನು ಸುಮಾರು 1ರಿಂದ 5 ಮೈಕ್ರಾನಿನ ಕಣಗಳಾಗಿ ಒಡೆಯಬೇಕು. ಅದಕ್ಕೂ ದಪ್ಪನಾದುವು ಬಹುಮಟ್ಟಿಗೆ ಗಂಟಲಲ್ಲಿಯೇ ತಂಗುವುವು. ವೈದ್ಯರು ಕಳುಹಿದ ದಾದಿಯು ಬಂದು, ಬಿಟ್ಟ ಉಸಿರು ಹೊರಬೀಳಲೆಂದು ಕೊಳವೆಯಲ್ಲಿದ್ದ ರಂಧ್ರವನ್ನು ತೋರಿಸಿದಳು. ರಂಧ್ರಕ್ಕೂ ಕವಚಕ್ಕೂ ನಡುವೆ ಮೂರು ಬಾಯಿಯ ಕೂಡುನಳಿಕೆಯನ್ನು ಸೇರಿಸಿ ಅದಕ್ಕೆ ನೆಬ್ಯುಲೈಜರನ್ನು ಜೋಡಿಸಿದಳು. ಯಂತ್ರದ ಬದಿಗಿಟ್ಟರೆ ಆ ರಂಧ್ರದಿಂದ ಪೋಲಾಗುವುದೇ ಹೆಚ್ಚು. ಕವಚದ ಅಂಚು ಸಡಿಲಾದರೂ ನಷ್ಟವೇ. ಔಷಧವು ಕಣ್ಣಿಗೂ ತಾಗೀತು. ಪಟ್ಟಿಯನ್ನು ಹದವಾಗಿ ಬಿಗಿದಳು.

ಆ ರಾತ್ರಿ ಕವಚವನ್ನು ಕಳಚಲಿಲ್ಲ. ಮಂಜು ತೀರಿದ ಮೇಲೆ ವೃದ್ಧರು ಗಡಿಯಾರದ ಕಡೆಗೆ ಬೆರಳೆತ್ತಿ, ಊಟಕ್ಕೆ ಹೋಗೆಂದು ಸೊಸೆಗೆ ಸನ್ನೆ ಮಾಡಿದರು.