ಹನ್ನೆರಡು ನಿಮಿಷಗಳ ವೇದಿಕೆ

ಈ ಪತ್ರಿಕೆಯ ಪುಟಗಳಲ್ಲಿ ಅಮೆರಿಕದ ರಾಕ್ ಸಂಗೀತಗಾರರ ಪ್ರಸ್ತಾಪವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆ ಸಂಗೀತದ ಪರಿಚಯ ನನಗೆ ಬಹಳ ತಡವಾಗಿ ಆದುದು. ಅದರಲ್ಲಿ ನನ್ನ ಅಭಿರುಚಿಯೂ ಅಷ್ಟಕ್ಕಷ್ಟೆ. ಆದರೆ ವಯಸ್ಸಾದವರು ದೊಡ್ಡ ವೇದಿಕೆಯನ್ನು ಎಲ್ಲಿಯವರೆಗೆ ಹಿಡಿದುಕೊಂಡಿರಬೇಕು, ಅವರನ್ನು ಅಲ್ಲಿಗೆ ಕರೆಯುವವರ ಮನಸ್ಸಿನಲ್ಲಿ ನಿಜವಾಗಿ ಏನಿರುತ್ತದೆ ಎಂಬ ಪ್ರಶ್ನೆಯನ್ನು ಆ ದೇಶದವರು ಒಂದು ಆಟದ ನೆಪದಲ್ಲಿ ಬಹಿರಂಗವಾಗಿ ಚರ್ಚಿಸುತ್ತಾರೆ. ನಮ್ಮಲ್ಲಿ ಅದೇ ಪ್ರಶ್ನೆ ಸಭೆ ಮುಗಿದ ಮೇಲೆ ಚಪ್ಪಲಿ ಮೆಟ್ಟುವ ಹೊತ್ತಿನ ಪಿಸುಮಾತಾಗಿ ಉಳಿಯುತ್ತದೆ.

ಅಮೆರಿಕನ್ ಫುಟ್‌ಬಾಲಿನ ವಾರ್ಷಿಕ ಅಂತಿಮ ಪಂದ್ಯಕ್ಕೆ ಸೂಪರ್ ಬೌಲ್ ಎಂದು ಹೆಸರು. 1967ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಮೊದಲನೆಯ ಪಂದ್ಯ ನಡೆದಾಗ ಮಧ್ಯಂತರದ ಬಿಡುವಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬ್ಯಾಂಡು ನುಡಿಸಿತ್ತು. ಬಹುಕಾಲ ಅದೇ ಪದ್ಧತಿ ಮುಂದುವರಿಯಿತು. 1992ರಲ್ಲಿ ಮಧ್ಯಂತರದ ವೇಳೆಗೆ ಸರಿಯಾಗಿ ಪ್ರತಿಸ್ಪರ್ಧಿ ದೂರದರ್ಶನ ವಾಹಿನಿಯೊಂದು ತನ್ನ ಹಾಸ್ಯ ಕಾರ್ಯಕ್ರಮವನ್ನು ಹಾಕಿ ಎರಡು ಕೋಟಿಗೂ ಮಿಗಿಲು ಪ್ರೇಕ್ಷಕರನ್ನು ಸೆಳೆದುಕೊಂಡಿತು. ಪೆಟ್ಟು ತಿಂದ ಸಂಘಟಕರು ಮರುವರ್ಷವೇ ಮೈಕೆಲ್ ಜಾಕ್ಸನ್ನರನ್ನು ಕರೆತಂದರು. ಅಲ್ಲಿಂದ ಮುಂದೆ ಹನ್ನೆರಡು-ಹದಿಮೂರು ನಿಮಿಷಗಳ ಈ ಹಾಫ್‌ಟೈಮ್ ಷೋ ಜಗತ್ತಿನ ಅತಿ ದೊಡ್ಡ ಸಂಗೀತ ವೇದಿಕೆಗಳಲ್ಲಿ ಒಂದಾಯಿತು. 2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇದನ್ನು ನೋಡಿದವರ ಸಂಖ್ಯೆ 13 ಕೋಟಿಗೂ ಹೆಚ್ಚು. ಅಂದು ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದ ನಾನೂ ಮೊಮ್ಮಗನ ಪಕ್ಕದಲ್ಲಿ ಕುಳಿತು ನೋಡಿದೆನು. “ಅಜ್ಜಾ, ಹಳೇ ಕಾಲದವರೇ ಚೆನ್ನಾಗಿದ್ದರು ಅಂತ ಮಾತ್ರ ಹೇಳಬೇಡಿ” ಎಂದು ಅವನು ಮೊದಲೇ ಎಚ್ಚರಿಸಿದ್ದನು. ಹಳೆಯ ಕಾಲದವರು ಹೇಗಿದ್ದರೆಂದು ತಿಳಿಯುವ ಕುತೂಹಲ ನನಗೆ ಹುಟ್ಟಿದ್ದು ಅವನ ಆ ಮಾತಿನಿಂದಲೇ. ಹೊರಗೆ ಹಿಮ; ಮಾಡಲು ಬೇರೆ ಕೆಲಸವಿಲ್ಲ. ಹಿಂದಿನ ವರ್ಷಗಳ ಚಿತ್ರೀಕರಣಗಳನ್ನು ಒಂದೊಂದಾಗಿ ನೋಡುತ್ತ ಹೋದೆನು.

ಹೀಗೆ ನೋಡುವಾಗ ಒಂದು ವಿಚಿತ್ರ ಗಮನಕ್ಕೆ ಬಂದಿತು. 2004ರ ಪಂದ್ಯ ಹ್ಯೂಸ್ಟನ್ನಿನಲ್ಲಿ. ಜಾನೆಟ್ ಜಾಕ್ಸನ್ ಮತ್ತು ಜಸ್ಟಿನ್ ಟಿಂಬರ್‌ಲೇಕ್ ಹಾಡುತ್ತಿದ್ದಾಗ ಆಕೆಯ ಉಡುಪು ಕ್ಷಣಕಾಲ ಜಾರಿ ದೇಶದಾದ್ಯಂತ ಕೋಲಾಹಲವೆದ್ದಿತು. ಸರ್ಕಾರದ ನಿಯಂತ್ರಣ ಆಯೋಗವು ಪ್ರಸಾರ ಸಂಸ್ಥೆಗೆ 5 ಲಕ್ಷ 50 ಸಾವಿರ ಡಾಲರ್ ದಂಡ ವಿಧಿಸಿತು. ಮುಂದೆ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಆ ಮರುವರ್ಷದಿಂದ ಬಂದವರ ಸಾಲನ್ನು ನೋಡಿರಿ: 2005ರಲ್ಲಿ 62 ವರ್ಷದ ಪಾಲ್ ಮ್ಯಾಕಾರ್ಟ್ನಿ, 2006ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಪ್ರಿನ್ಸ್, 2008ರಲ್ಲಿ ಟಾಮ್ ಪೆಟ್ಟಿ, 2009ರಲ್ಲಿ 59 ವರ್ಷದ ಬ್ರೂಸ್ ಸ್ಪ್ರಿಂಗ್‌ಸ್ಟೀನ್, 2010ರಲ್ಲಿ ‘ದಿ ಹೂ’ ತಂಡ. ಇವರಲ್ಲಿ ಪ್ರಿನ್ಸ್ ಒಬ್ಬರೇ ಐವತ್ತರೊಳಗಿನವರು. ಸುರಿಯುವ ಮಳೆಯಲ್ಲಿ ಅವರು ಗಿಟಾರ್ ನುಡಿಸಿದ್ದನ್ನು ಇಂದಿಗೂ ಜನ ಕೊಂಡಾಡುತ್ತಾರೆ. ನನಗೂ ಅದು ಮೆಚ್ಚಿಗೆಯಾಯಿತು.

ಹಿರಿಯರಿಗೆ ಸಂದ ಗೌರವವಿದು ಎಂದು ಸಂತೋಷಪಡಬಹುದಾಗಿತ್ತು. ಆದರೆ ವರ್ಷಗಳ ಲೆಕ್ಕವನ್ನು ಜೋಡಿಸಿ ನೋಡಿದರೆ ಅದರ ಮೂಲ ಗೌರವದಲ್ಲಿಲ್ಲ, ಭಯದಲ್ಲಿದೆ. ಕಿರಿಯರನ್ನು ಕರೆದರೆ ಏನಾಗುವುದೋ ಎಂಬ ಅಂಜಿಕೆಯಿಂದ ಹಿರಿಯರನ್ನು ಕರೆದರು. ಇದರಲ್ಲೊಂದು ವಿನೋದವೂ ಉಂಟು. ರೋಲಿಂಗ್ ಸ್ಟೋನ್ಸ್ ಎಂದರೆ 1960ರ ದಶಕದಲ್ಲಿ ತಂದೆತಾಯಿಗಳು ಬೆಚ್ಚಿಬೀಳುತ್ತಿದ್ದ ಹೆಸರು. ಆ ತಂಡದ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ 1967ರಲ್ಲಿ ಮಾದಕವಸ್ತು ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯ ಬಾಗಿಲು ಕಂಡವರು. ಮೇಲ್ಮನವಿಯಲ್ಲಿ ಸೆರೆವಾಸ ತಪ್ಪಿತು. ಅಂಥವರು ಅರವತ್ತೆರಡಾದಾಗ ನಿರಪಾಯಕಾರಿಗಳೆಂದು ಆಯ್ಕೆಯಾದರು. ಆಗಲೂ ಅವರ ಹಾಡಿನ ಕೆಲವು ಶಬ್ದಗಳನ್ನು ಪ್ರಸಾರದಲ್ಲಿ ಅಡಗಿಸಲಾಯಿತು! ಒಬ್ಬ ಮನುಷ್ಯನನ್ನು ಅವನ ಗುಣಕ್ಕಾಗಿ ಅಲ್ಲದೆ, ಅವನಿಂದ ಇನ್ನು ಯಾವ ತೊಂದರೆಯೂ ಆಗಲಾರದು ಎಂಬ ಭರವಸೆಗಾಗಿ ಪೀಠದಲ್ಲಿ ಕೂರಿಸುವುದು ಸನ್ಮಾನವೆಂದು ನನಗೆ ತೋರುವುದಿಲ್ಲ. ಆ ಆಹ್ವಾನವನ್ನು ಸ್ವೀಕರಿಸುವವರಿಗೂ ಇದರ ಅರಿವಿರಬೇಕು.

2006ರ ಪಂದ್ಯ ನಡೆದುದು ಡೆಟ್ರಾಯಿಟ್ ನಗರದಲ್ಲಿ. ಮೋಟಾರು ಕಾರುಗಳಂತೆಯೇ ಆ ಊರು ಸಂಗೀತಕ್ಕೂ ಪ್ರಸಿದ್ಧ; ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆ ಹುಟ್ಟಿ ಕಪ್ಪು ಜನಾಂಗದ ಗಾಯಕರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದುದು ಅಲ್ಲಿಯೇ. ತಮ್ಮ ಊರಿನಲ್ಲಿ ಆಟ ನಡೆಯುವಾಗ ಲಂಡನ್ನಿನ ತಂಡವೇಕೆ ಎಂದು ಅಲ್ಲಿಯವರು ನೊಂದುಕೊಂಡರು. ಆಕ್ಷೇಪಕ್ಕೆ ಸಮಾಧಾನವೆಂಬಂತೆ ಆ ಊರಿನ ಅರೀತಾ ಫ್ರಾಂಕ್ಲಿನ್ ಆರನ್ ನೆವಿಲ್ ಅವರೊಡಗೂಡಿ ರಾಷ್ಟ್ರಗೀತೆ ಹಾಡಿದರು. ಅಲ್ಲಿಯೇ ಬೆಳೆದ ಸ್ಟೀವೀ ವಂಡರ್ ಪಂದ್ಯಕ್ಕೆ ಮುಂಚೆ ಹಾಡಿದರು. ವಂಡರ್ ಒಬ್ಬರೇ ಬಂದಿರಲಿಲ್ಲ. ಜಾನ್ ಲೆಜೆಂಡ್, ಜಾಸ್ ಸ್ಟೋನ್, ಇಂಡಿಯಾ ಏರಿ ಎಂಬ ಮೂವರು ಕಿರಿಯರನ್ನು ಜೊತೆಗೆ ಸೇರಿಸಿಕೊಂಡಿದ್ದರು. ಯೋಗ್ಯವಾದ ಹಾಫ್‌ಟೈಮ್ ಷೋ ಆ ಮನೆಯೊಳಗೇ ಇತ್ತು. ಆದರೆ ಅದನ್ನು ಬಾಗಿಲಲ್ಲಿ ನಿಲ್ಲಿಸಿ, ನಡುಮನೆಯನ್ನು ಅತಿಥಿಗಳಿಗೆ ಕೊಟ್ಟರು.

2010ರ ‘ದಿ ಹೂ’ ತಂಡದ ಪ್ರದರ್ಶನ ನೋಡುವಾಗ ನನಗೆ ಮರುಕವೇ ಹೆಚ್ಚಾಯಿತು. ನಾಲ್ವರ ತಂಡದಲ್ಲಿ ಆಗ ಉಳಿದಿದ್ದವರು ಇಬ್ಬರು. ಡ್ರಮ್ ಬಾರಿಸುತ್ತಿದ್ದ ಕೀತ್ ಮೂನ್ 1978ರಲ್ಲಿ, 32ನೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದರು. ಜಾನ್ ಎಂಟ್‌ವಿಸಲ್ 2002ರಲ್ಲಿ. ಗಾಯಕ ರೋಜರ್ ಡಾಲ್ಟ್ರಿಗೆ 65, ಪೀಟ್ ಟೌನ್ಸೆಂಡ್‌ಗೆ 64. ದಶಕಗಳ ಅಬ್ಬರದ ನಾದದಿಂದ ಟೌನ್ಸೆಂಡರ ಕಿವಿಯೇ ಘಾಸಿಗೊಂಡಿತ್ತು, ಅದನ್ನವರು ಮುಚ್ಚಿಟ್ಟವರಲ್ಲ. ವಯಸ್ಸಾದಂತೆ ಕಂಠದ ತಂತುಗಳು ಬಿಗಿತ ಕಳೆದುಕೊಳ್ಳುತ್ತವೆ, ಉಸಿರು ಮೋಟಾಗುತ್ತದೆ, ತಾರಸ್ಥಾಯಿ ಕೈಗೆಟುಕುವುದಿಲ್ಲ. ನಮ್ಮ ಹಿರಿಯ ಗಾಯಕರು ಶ್ರುತಿಯನ್ನು ಇಳಿಸಿಕೊಂಡು, ರಾಗವನ್ನು ನಿಧಾನವಾಗಿ ಬೆಳೆಸಿ ಈ ಕೊರತೆಯನ್ನೇ ಗಾಂಭೀರ್ಯವಾಗಿಸಿಕೊಳ್ಳುತ್ತಾರೆ. ಆದರೆ ರಾಕ್ ಸಂಗೀತದ ಹುಟ್ಟೇ ಯೌವನದ ರೋಷದಲ್ಲಿ. ಇಪ್ಪತ್ತರ ಹಾಡನ್ನು ಅರವತ್ತೈದರಲ್ಲಿ ಅದೇ ಕೂಗಿನಿಂದ ಹಾಡಬೇಕೆಂದು ಜನ ಬಯಸುತ್ತಾರೆ. ಅದೇ ತಂಡ 1982ರಲ್ಲಿ ಒಮ್ಮೆ ವಿದಾಯ ಪ್ರವಾಸ ಮಾಡಿತ್ತು. 2025ರಲ್ಲಿ ಉತ್ತರ ಅಮೆರಿಕದಲ್ಲಿ ಮತ್ತೊಮ್ಮೆ ವಿದಾಯ ಹೇಳಿತು.

ವ್ಯಾಪಾರಿಯಾದ ನನಗೆ ಲೆಕ್ಕ ನೋಡದಿದ್ದರೆ ಸಮಾಧಾನವಿಲ್ಲ. ಈ ವೇದಿಕೆಯಲ್ಲಿ ಹಾಡುವ ತಾರೆಗಳಿಗೆ ಸಂಘಟಕರು ಸಂಭಾವನೆ ಕೊಡುವುದಿಲ್ಲ. ಕಾರ್ಮಿಕ ಸಂಘದ ಒಪ್ಪಂದದಂತೆ ಅಲ್ಪ ಮೊತ್ತ ಸಲ್ಲುತ್ತದೆ, ಪ್ರದರ್ಶನದ ಖರ್ಚನ್ನು ಸಂಘಟಕರು ಭರಿಸುತ್ತಾರೆ. ಹಾಗಾದರೆ ಲಾಭವೆಲ್ಲಿ? ಮಾರನೆಯ ದಿನದ ಮಾರಾಟದಲ್ಲಿ. ಸ್ಪ್ರಿಂಗ್‌ಸ್ಟೀನರ ಹೊಸ ಧ್ವನಿಮುದ್ರಿಕೆ 2009ರ ಜನವರಿ 27ರಂದು ಹೊರಬಂದಿತು. ಸೂಪರ್ ಬೌಲ್ ನಡೆದುದು ಫೆಬ್ರವರಿ 1ರಂದು. ಆ ಮುದ್ರಿಕೆಯ ಹೆಸರಿನ ಹಾಡನ್ನೂ ಅವರು ಅಲ್ಲಿ ಹಾಡಿದರು. ಇದನ್ನು ನಾನು ದೂಷಿಸುವುದಿಲ್ಲ. ಸರಕಿದ್ದವನು ಸಂತೆಗೆ ಬರುವುದು ಸಹಜ. ಆದರೆ ಅರವತ್ತರ ಗಡಿಯಲ್ಲಿಯೂ ಹೊಸ ಸರಕು ತಂದವರನ್ನೂ, ನಲವತ್ತು ವರ್ಷದ ಹಿಂದಿನ ದಾಸ್ತಾನನ್ನೇ ಝಾಡಿಸಿ ಹರವಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ನಮ್ಮ ತಂದೆಯವರಿಗೆ ಕಿರಾಣಿ ಸಗಟು ಅಂಗಡಿಯಿತ್ತು. ನಾನು ಬಿ.ಕಾಂ. ಮುಗಿಸಿ ಅಂಗಡಿ ಸೇರಿ ಕೆಲವು ವರ್ಷಗಳಾದ ಮೇಲೆ, ಅವರಿಗೆ ಅರವತ್ತು ತುಂಬಿದಾಗ, ಯಾರೂ ಕೇಳದೆಯೇ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಪಕ್ಕದ ಬೆಂಚಿಗೆ ಸರಿದರು. ಅಂಗಡಿಗೆ ಬರುವುದನ್ನು ನಿಲ್ಲಿಸಲಿಲ್ಲ. ಹಳೆಯ ಗಿರಾಕಿಗಳು ಅವರನ್ನೇ ಧಾರಣೆ ಕೇಳಿದರೆ “ಅವನನ್ನು ಕೇಳಿ” ಎಂದು ನನ್ನತ್ತ ಕೈ ತೋರಿಸುತ್ತಿದ್ದರು. ಬೆಲ್ಲದ ಪೆಂಟೆಯನ್ನು ಮೂಸಿಯೇ ಅದರ ಗುಣ ಹೇಳುವ ವಿದ್ಯೆ ಮಾತ್ರ ಕೊನೆಯವರೆಗೂ ಅವರದೇ ಆಗಿತ್ತು; ಅದಕ್ಕಾಗಿ ನಾನೇ ಬೆಂಚಿನ ಬಳಿಗೆ ಹೋಗಬೇಕಾಗಿತ್ತು. ಪರಿಗ್ರಹವೆಂದರೆ ಹಣ ಒಡವೆಗಳಷ್ಟೇ ಎಂದು ತಿಳಿದಿದ್ದ ನನಗೆ ಕುಳಿತ ಜಾಗವೂ ಅದರಲ್ಲಿ ಸೇರುತ್ತದೆಂಬುದು ತಿಳಿದದ್ದು ಆಗ. ಈಗ ನನಗೆ ಅರವತ್ತಾರು. ನಮ್ಮ ವರ್ತಕರ ಸಂಘದ ಅಧ್ಯಕ್ಷತೆಯನ್ನು ಇನ್ನೊಂದು ಅವಧಿಗೆ ವಹಿಸಿಕೊಳ್ಳಿರೆಂದು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಕಾರಣ ಕೇಳಿದರೆ, “ನೀವಿದ್ದರೆ ಗಲಾಟೆ ಇರುವುದಿಲ್ಲ” ಎನ್ನುತ್ತಾರೆ. 2004ರ ನಂತರದ ಆ ಸಾಲನ್ನು ನೋಡಿದ ಬಳಿಕ ಈ ಮಾತು ನನ್ನ ಕಿವಿಗೆ ಮೊದಲಿನಷ್ಟು ಹಿತವಾಗಿ ಕೇಳಿಸುತ್ತಿಲ್ಲ. ನಾನಿನ್ನೂ ಅವರಿಗೆ ಉತ್ತರ ಕೊಟ್ಟಿಲ್ಲ.

ಬೆಂಚಿಗೆ ಸರಿಯುವುದೆಂದರೆ ಹಾಡನ್ನು ನಿಲ್ಲಿಸುವುದಲ್ಲ. ಪಾಲ್ ಸೈಮನ್ 2018ರಲ್ಲಿ ದೊಡ್ಡ ಪ್ರವಾಸಗಳಿಗೆ ವಿದಾಯ ಹೇಳಿದರು. ಅನಂತರ ಎಡಗಿವಿಯ ಶ್ರವಣಶಕ್ತಿ ಬಹುಮಟ್ಟಿಗೆ ಹೋಯಿತು. 2025ರಲ್ಲಿ, 83ನೆಯ ವಯಸ್ಸಿನಲ್ಲಿ, ಸಣ್ಣ ರಂಗಮಂದಿರಗಳನ್ನು ಆರಿಸಿಕೊಂಡು ಮೆಲುದನಿಯ ವಾದ್ಯಗಳೊಡನೆ ಮತ್ತೆ ಹಾಡಿದರು. ಜೋನಿ ಮಿಚೆಲ್ 2015ರಲ್ಲಿ ಮೆದುಳಿನ ರಕ್ತನಾಳದ ಆಘಾತದಿಂದ ಮಾತು ನಡಿಗೆಗಳನ್ನೇ ಪುನಃ ಕಲಿಯಬೇಕಾದವರು. 2022ರ ಜುಲೈಯಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ, 78ರ ಪ್ರಾಯದಲ್ಲಿ, ಕುರ್ಚಿಯಲ್ಲಿ ಕುಳಿತು, ಸುತ್ತ ಕಿರಿಯ ಗಾಯಕರನ್ನಿಟ್ಟುಕೊಂಡು ಹಾಡಿದರು. ದನಿ ಇಳಿದಿತ್ತು, ಇಳಿದ ದನಿಗೆ ತಕ್ಕಂತೆ ಹಾಡುಗಳೂ ಬೇರೆಯ ಅರ್ಥ ಪಡೆದಿದ್ದವು. ಅದನ್ನು ನಾನು ಎರಡು ಸಲ ನೋಡಿದೆನು.

ದೊಡ್ಡ ವೇದಿಕೆಯನ್ನೇ ಏರಿದ ಹಿರಿಯರಲ್ಲಿ ನನಗೆ ಒಪ್ಪಿಗೆಯಾದುದು, ವಿಚಿತ್ರವೆಂದರೆ, ರ‍್ಯಾಪ್ ಸಂಗೀತದವರ ನಡತೆ. ಆ ಹಾಡುಗಳ ಭಾಷೆ ನಮ್ಮ ಮನೆಗಳಲ್ಲಿ ಕೇಳುವಂಥದಲ್ಲ. ಆ ಮಾತು ಬೇರೆ. 2022ರಲ್ಲಿ ಲಾಸ್ ಏಂಜಲೀಸಿನ ಪಕ್ಕದ ಇಂಗಲ್‌ವುಡ್‌ನಲ್ಲಿ ಪಂದ್ಯ ನಡೆದಾಗ 56 ವರ್ಷದ ಡಾ. ಡ್ರೇ ಹಲವರೊಡನೆ ವೇದಿಕೆ ಹಂಚಿಕೊಂಡರು. ಅವರು ಹುಟ್ಟಿದ್ದು ಹತ್ತಿರದ ಕಾಂಪ್ಟನ್‌ನಲ್ಲಿ. ಜೊತೆಗೆ ಬಂದ ಸ್ನೂಪ್ ಡಾಗ್ ಲಾಂಗ್ ಬೀಚ್‌ನವರು. ಡೆಟ್ರಾಯಿಟ್‌ನ ಎಮಿನೆಂ ಡ್ರೇ ಬೆಳೆಸಿದ ಶಿಷ್ಯ. ಎಲ್ಲರಿಗಿಂತ ಕಿರಿಯನಾದ ಕೆಂಡ್ರಿಕ್ ಲಮಾರ್ ಕಾಂಪ್ಟನ್‌ನವನೇ. ಹಿರಿಯರಿದ್ದರು, ಊರಿನವರಿದ್ದರು, ಮುಂದಿನವನೂ ಇದ್ದನು. ಮೂರೇ ವರ್ಷಗಳಲ್ಲಿ, 2025ರಲ್ಲಿ, 37 ವರ್ಷದ ಆ ಲಮಾರ್ ನ್ಯೂ ಓರ್ಲಿಯನ್ಸ್‌ನಲ್ಲಿ ತಾನೇ ಮುಖ್ಯ ಗಾಯಕನಾಗಿ ನಿಂತನು. ನನ್ನ ಮೊಮ್ಮಗ ಕಣ್ಣರಳಿಸಿ ನೋಡಿದ್ದು ಅವನನ್ನೇ.

ಆದರೆ ಡೆಟ್ರಾಯಿಟ್‌ನ ಹಳೆಯ ದೂರು ಅಂದು ನ್ಯೂ ಓರ್ಲಿಯನ್ಸ್‌ನಲ್ಲಿ ಮರುಕಳಿಸಿತ್ತು. ಆ ಊರಿನಲ್ಲಿ ಹುಟ್ಟಿ ಬೆಳೆದ ಲಿಲ್ ವೇನ್, 42 ವರ್ಷದವನು, ತನ್ನನ್ನು ಕರೆಯಲಿಲ್ಲವೆಂದು ತನಗಾದ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದನು. ಇಲ್ಲಿ ಮುಪ್ಪಿನ ಪ್ರಶ್ನೆಯಿಲ್ಲ, ಊರಿನದು ಮಾತ್ರ. ಆಯ್ಕೆ ಮಾಡಿದವರು ಸಂಘಟಕರೇ ಇರಬಹುದು. ಆದರೂ 2022ರಲ್ಲಿ ಹಿರಿಯರೊಬ್ಬರ ವೇದಿಕೆಯಲ್ಲಿ ಪಾಲು ಪಡೆದ ಲಮಾರ್, ತನಗೆ ದೊರೆತ ಹದಿಮೂರು ನಿಮಿಷಗಳಲ್ಲಿ ಎರಡನ್ನು ಆ ಊರಿನವನಿಗೆ ಬಿಟ್ಟುಕೊಡಬಹುದಾಗಿತ್ತು. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಒಪ್ಪಲಿಲ್ಲ. ನಮ್ಮ ವಾದ ಊಟದವರೆಗೂ ನಡೆಯಿತು.