ಕೊನೆಯವನಿಗಾಗಿ ಕಾಯುವ ಕಣ್ಣು

ಓಟದ ಸ್ಪರ್ಧೆ ಮುಗಿಯುತ್ತಿದ್ದಂತೆ ನಿಮ್ಮ ಕಣ್ಣುಗಳು ಯಾರನ್ನು ಹುಡುಕುತ್ತವೆ? ಮೊದಲು ಬಂದವನನ್ನಲ್ಲವೇ? ನನ್ನ ಕಣ್ಣುಗಳೂ ಬಹುಕಾಲ ಹಾಗೆಯೇ ಇದ್ದವು. ಅವುಗಳನ್ನು ತಿದ್ದಿದ್ದು ಒಂದು ಚಲನಚಿತ್ರ.

1964ರ ಟೋಕಿಯೊ ಒಲಿಂಪಿಕ್ ಕ್ರೀಡಾಕೂಟವನ್ನು ಕುರಿತು ಜಪಾನಿನ ನಿರ್ದೇಶಕ ಕೋನ್ ಇಚಿಕಾವ ತಯಾರಿಸಿದ ಸಾಕ್ಷ್ಯಚಿತ್ರ 'ಟೋಕಿಯೊ ಒಲಿಂಪಿಯಾಡ್' 1965ರಲ್ಲಿ ತೆರೆಕಂಡಿತು. ಯುದ್ಧದ ಬೂದಿಯಿಂದ ಎದ್ದುನಿಂತ ದೇಶವೊಂದರ ಹಬ್ಬವದು. ಅಂದು ಕ್ರೀಡಾಜ್ಯೋತಿ ಬೆಳಗಿಸಿದ ಯೋಶಿನೊರಿ ಸಕಾಯ್ ಎಂಬ ಯುವಕ ಹಿರೋಶಿಮಾ ಪ್ರಾಂತದಲ್ಲಿ ಜನಿಸಿದ್ದು 1945ರ ಆಗಸ್ಟ್ 6ರಂದು, ಅಣುಬಾಂಬು ಬಿದ್ದ ದಿನದಂದೇ. ಸಂಘಟಕರು ವಿಜೇತರ ದಾಖಲೆಯನ್ನು ನಿರೀಕ್ಷಿಸಿದ್ದರು. ಇಚಿಕಾವ ಮನುಷ್ಯರ ಮುಖಗಳನ್ನು ಕೊಟ್ಟರು. ಅವರ ಅಸಮಾಧಾನಕ್ಕೂ ಗುರಿಯಾದರು.

ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಸತತ ಎರಡನೆಯ ಬಾರಿ ಗೆದ್ದರು. ಆದರೆ ಕ್ಯಾಮೆರಾ ಅವರೊಬ್ಬರ ಬೆನ್ನನ್ನೇ ಹಿಡಿದು ಹೋಗುವುದಿಲ್ಲ. ನೀರಿಗಾಗಿ ನಿಂತವರನ್ನು, ಬೊಬ್ಬೆಯೆದ್ದ ಪಾದಗಳನ್ನು ಅದು ಗೌರವದಿಂದ ನೋಡುತ್ತದೆ. 1960ರಲ್ಲಷ್ಟೇ ಸ್ವತಂತ್ರವಾಗಿದ್ದ ಚಾಡ್ ದೇಶದ ಅಹ್ಮದ್ ಇಸ್ಸಾ ಎಂಬ ಓಟಗಾರನನ್ನೂ ಅದು ಹಿಂಬಾಲಿಸುತ್ತದೆ. 800 ಮೀಟರ್ ಓಟದಲ್ಲಿ ಆತ ಸೆಮಿಫೈನಲ್ ದಾಟಲಿಲ್ಲ. ಗದ್ದಲ ತುಂಬಿದ ಭೋಜನಶಾಲೆಯಲ್ಲಿ ಆತ ಒಬ್ಬನೇ ಕುಳಿತು ಊಟ ಮಾಡುತ್ತಾನೆ.

ಆ ದೃಶ್ಯ ನನ್ನನ್ನು ಚುಚ್ಚಿತು. ಹಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಹಬ್ಬದ ಕ್ರೀಡೋತ್ಸವದಲ್ಲಿ, ಮೂವರು ಮಕ್ಕಳು ಗುರಿ ಮುಟ್ಟಿದೊಡನೆ ಟೇಪನ್ನು ಸುತ್ತಿಡಲು ಹೇಳಿ ನಾನು ಬಹುಮಾನಿತರ ಹೆಸರುಗಳನ್ನು ಓದತೊಡಗಿದ್ದೆ. ಕೊನೆಯ ಹುಡುಗ ಏದುಸಿರು ಬಿಡುತ್ತಾ ಬಂದಾಗ ಅಲ್ಲಿ ಮುಟ್ಟಲು ಏನೂ ಉಳಿದಿರಲಿಲ್ಲ. ಅವನು ಒಂದು ಕ್ಷಣ ನನ್ನತ್ತ ನೋಡಿದ. ನಾನು ಓದುವುದನ್ನು ನಿಲ್ಲಿಸಲಿಲ್ಲ. ಚಿತ್ರ ನೋಡಿದ ಮೇಲೆ ಅವನನ್ನು ವಿಚಾರಿಸಿದೆ. ಆ ಕುಟುಂಬ ಆಗಲೇ ಊರು ಬಿಟ್ಟಿತ್ತು.

ಕ್ರೀಡಾಕೂಟಗಳ ನೆರೆಯಲ್ಲೇ ಬಾಳುತ್ತಿದ್ದ ಕೊರಿಂಥದ ಭಕ್ತರಿಗೆ ಸಂತ ಪೌಲರು ವಿಶ್ವಾಸದ ಬಾಳನ್ನು ಓಟಕ್ಕೆ ಹೋಲಿಸಿ ಬರೆದರು. ಬಾಡಿಹೋಗುವ ಹಾರಕ್ಕಿಂತ ಬಾಡದ ಹಾರ ಮೇಲೆಂದು ಅವರು ತಿಳಿಹೇಳಿದರು. ಆ ಹಾರವನ್ನು ಹಿಡಿದು ನಿಂತಿರುವವರು, ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಪ್ರಭುವೇ ಅಲ್ಲವೇ? ಕೊನೆಯವನು ಬರುವ ಮುನ್ನ ಅವರು ಮೈದಾನ ಬಿಟ್ಟು ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಹಿಂದುಳಿದವರು ಯಾರು? ಪರೀಕ್ಷೆಯಲ್ಲಿ ಸೋತ ಮಗಳೋ, ಕೆಲಸ ಸಿಗದ ಮಗನೋ, ನಿಧಾನವಾಗಿ ಹೆಜ್ಜೆಯಿಡುವ ಅಜ್ಜಿಯೋ? ದಯಮಾಡಿ ಅವರಿಗಾಗಿ ಕಾಯಿರಿ. ಈಗ ನಮ್ಮ ಹಬ್ಬದ ಓಟದಲ್ಲಿ ಟೇಪಿನ ಒಂದು ತುದಿ ನನ್ನ ಕೈಯಲ್ಲೇ ಇರುತ್ತದೆ. ಕೊನೆಯ ಮಗು ಅದನ್ನು ಮುಟ್ಟುವವರೆಗೆ ನಾನು ಬಿಡುವುದಿಲ್ಲ.