ಹದಿನಾಲ್ಕು ಸಾವಿರ ಕಿಲೋಮೀಟರು

ಬೆಂಗಳೂರಿಗೂ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರಕ್ಕೂ ಎಷ್ಟು ದೂರ? ಮಗನೋ ಮಗಳೋ ಅಲ್ಲಿ ನೆಲೆಸಿರುವ ಮನೆಯವರಿಗೆ ಈ ಲೆಕ್ಕವು ಬಾಯಿಗೇ ಬಂದಿರುವುದು. ಎರಡು ವಿಮಾನ ನಿಲ್ದಾಣಗಳ ನಡುವೆ ಸುಮಾರು 14,000 ಕಿಲೋಮೀಟರು. ಗಂಟೆಗೆ 900ರಂತೆ ಭಾಗಿಸಿದರೆ ಹದಿನೈದೂವರೆ ಗಂಟೆಯ ಪ್ರಯಾಣ.

ಗೋಡೆಯ ಭೂಪಟವನ್ನು ನೋಡಿದವರು ಈ ದಾರಿಯು ನೇರವಾಗಿ ಪೂರ್ವಕ್ಕೆ ಶಾಂತಸಾಗರದ ಮೇಲೆ ಹೋಗುವುದೆಂದು ಎಣಿಸುವರು. ಆದರೆ ಮಕ್ಕಳ ಭೂಗೋಲವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಬೇಕು. ಅದು ಟಿಬೆಟ್ಟು, ಸೈಬೀರಿಯಗಳನ್ನು ದಾಟಿ, ಉತ್ತರ ಅಕ್ಷಾಂಶ 71 ಡಿಗ್ರಿಯವರೆಗೆ ಏರಿ, ಹಿಮಸಾಗರದ ಮೇಲಿನಿಂದ ಅಲಾಸ್ಕಾದ ಕಡೆಗೆ ಇಳಿಯುವುದು! ಬೆಟ್ಟಗಳಿಗೂ ಗಾಳಿಗೂ ರಾಜ್ಯಗಳ ಗಡಿಗಳಿಗೂ ಅಂಜಿ ವಿಮಾನಗಳು ದಾರದಂತೆಯೇ ಹಾರಲಾರವೆಂಬುದು ಬೇರೆ ಮಾತು. 2021ರ ಜನವರಿಯಲ್ಲಿ ಏರ್ ಇಂಡಿಯಾದವರು ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದ ವಿಮಾನವನ್ನು ಮೊದಲ ಸಲ ಹಾರಿಸಿದರು.

ನಮಗೆ ಈ ದೂರದ ನಿಜವಾದ ಪರಿಚಯವಾದುದು ಅದಕ್ಕೆ ಮುಂಚೆ, 2019ರ ಮಾಘ ಮಾಸದಲ್ಲಿ. ಮೈಸೂರಿನ ನಮ್ಮ ಮನೆಯಲ್ಲಿ ಗುರುವಾರ ಬೆಳಗ್ಗೆ ಆರು ಗಂಟೆಗೆ ತಾಯಿಯವರು ತೀರಿಕೊಂಡರು. ಅಣ್ಣನವರಿರುವ ಊರಿನಲ್ಲಿ ಆಗ ಇನ್ನೂ ಬುಧವಾರದ ಸಂಜೆ ನಾಲ್ಕೂವರೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದು. ಅಂದಿನ ರಾತ್ರಿ ಯಾವ ವಿಮಾನದಲ್ಲಿಯೂ ಅವರಿಗೆ ಸ್ಥಳ ದೊರೆಯಲಿಲ್ಲ. ಮರುದಿನ ಸಂಜೆ ಹೊರಟು, ದುಬೈಯಲ್ಲಿ ವಿಮಾನ ಬದಲಿಸಿ, ಶನಿವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಬಹುದೆಂದು ತಿಳಿಸಿದರು.

ಕಾಯಬೇಕೇ, ಬೇಡವೇ? ಬಂಧುಗಳಲ್ಲಿ ಎರಡು ಪಕ್ಷವಾಯಿತು. ಮಂಜುಗಡ್ಡೆಯ ಪೆಟ್ಟಿಗೆ ತರಿಸೋಣವೆಂದರು ಕೆಲವರು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡವನು ಬಂದಾಗ ಬರಲಿ. ಅವಳನ್ನು ಕಾಯಿಸುವುದು ಬೇಡ" ಎಂದರು. ತಾಯಿಗೆ ಕಿರಿಯ ಮಗ, ತಂದೆಗೆ ಹಿರಿಯ ಮಗ ಎಂಬುದು ನಮ್ಮ ಮನೆತನದ ರೂಢಿ. ಆದುದರಿಂದ ಅಂದು ಮಧ್ಯಾಹ್ನವೇ ನಾವು ಆ ಕಾರ್ಯವನ್ನು ಮಾಡಿದೆವು. ಅಣ್ಣನವರು ದೂರವಾಣಿಯ ಪುಟ್ಟ ಪರದೆಯಲ್ಲಿ, ತಮ್ಮ ನಡುರಾತ್ರಿಯಲ್ಲಿ ಕುಳಿತು, ಅದನ್ನು ನೋಡಿದರು.

ದೇವನಹಳ್ಳಿಯಿಂದ ಮೈಸೂರಿಗೆ ಸುಮಾರು 180 ಕಿಲೋಮೀಟರು. ಅಣ್ಣನವರು ಮನೆಯ ಮೆಟ್ಟಿಲು ಹತ್ತಿದಾಗ ಶನಿವಾರ ಒಂಬತ್ತು ಗಂಟೆ. ಸುದ್ದಿ ತಿಳಿದು ಐವತ್ತೊಂದು ಗಂಟೆಗಳಾಗಿದ್ದವು. ಆಕಾಶದಲ್ಲಿ ಕಳೆದುದು ಅದರಲ್ಲಿ ಇಪ್ಪತ್ತು ಮಾತ್ರ. ಅಸ್ಥಿಸಂಚಯನಕ್ಕೆ ಅವರು ಬಂದು ಸೇರಿದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಮಡಕೆಯನ್ನು ನಾವಿಬ್ಬರೂ ಕೂಡಿ ಹಿಡಿದು ನೀರಿಗಿಳಿದೆವು.

ತಂದೆಯವರಿಗೆ ಈಗ ಎಂಬತ್ತೇಳು ವರ್ಷ. ತಮ್ಮ ವಿಷಯದಲ್ಲಿಯೂ ಹಿರಿಯವನಿಗಾಗಿ ಕಾಯಬಾರದೆಂದು ನಮಗೆ ಕಟ್ಟುನಿಟ್ಟಾಗಿ ಹೇಳಿರುವರು. ಅಣ್ಣನವರು ಇದಕ್ಕೆ ಇನ್ನೂ ಒಪ್ಪಿಲ್ಲ.